ಫ್ರೀ ಬಸ್ಸಿನ ಮೇಲಿನ ಸಿಟ್ಟು ನಿಜವಾಗ್ಲೂ ದುಡ್ಡಿನ ಸಿಟ್ಟಾ?

ಕರ್ನಾಟಕದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅವತ್ತಿಂದ ಇವತ್ತಿನವರೆಗೂ ವಾಟ್ಸಾಪ್ ಗ್ರೂಪುಗಳಲ್ಲಿ ಅದರ ಜೋಕ್ ನಿಂತಿಲ್ಲ. ಹೆಂಡ್ತಿ ಧರ್ಮಸ್ಥಳದಲ್ಲಿದಾಳೆ ಗಂಡ ಮನೇಲಿ ಮ್ಯಾಗಿ ಬೇಯಿಸ್ಕೊಂಡು ತಿಂತಿದಾನೆ, ಅತ್ತೆ ಒಂದು ಬಸ್ಸಲ್ಲಿ ಸೊಸೆ ಇನ್ನೊಂದು ಬಸ್ಸಲ್ಲಿ ಮನೆಗೆ ಬೀಗ, ಟಿಕೆಟ್ ತಗೊಂಡ ಗಂಡಸು ನಿಂತಿದಾನೆ ಫ್ರೀಯಾಗಿ ಬಂದವಳು ಕಿಟಕಿ ಪಕ್ಕ ಕೂತಿದಾಳೆ, ಹೀಗೇ. ಕೆಲವು ಕೇಳಿ ನಗೂನೂ ಬರತ್ತೆ, ಇಲ್ಲ ಅನ್ನಲ್ಲ. ಆದ್ರೆ ಇವನ್ನೆಲ್ಲಾ ಸಾಲಾಗಿ ಇಟ್ಕೊಂಡು ನೋಡಿದ್ರೆ, ಸರ್ಕಾರದ ದುಡ್ಡು ಹಾಳಾಯ್ತು ಅನ್ನೋ ಜೋಕ್ ಕಮ್ಮಿ, ಅವಳು ಮನೇಲಿಲ್ಲ ಅನ್ನೋ ಜೋಕೇ ಜಾಸ್ತಿ.

ಇದು ಕಾಕತಾಳೀಯ ಅಂತ ನಂಗನ್ಸಲ್ಲ, ಯಾಕಂದ್ರೆ ಅದೇ ವರ್ಷ ಅದೇ ಸರ್ಕಾರ ಗೃಹಜ್ಯೋತಿ ಅಂತ ತಂದು 200 ಯೂನಿಟ್‌ವರೆಗೆ ಕರೆಂಟ್ ಫ್ರೀ ಮಾಡ್ತು. 2025-26ರ ಬಜೆಟ್ಟಲ್ಲಿ ಅದಕ್ಕೆ 10,100 ಕೋಟಿ ಇಟ್ಟಿದ್ರು, ಶಕ್ತಿಗೆ ಇಟ್ಟಿದ್ದು 5,300 ಕೋಟಿ, ಅಂದ್ರೆ ಹೆಚ್ಚೂಕಮ್ಮಿ ಅರ್ಧ. ಈಗ ಹೇಳಿ, ಫ್ರೀ ಕರೆಂಟಲ್ಲಿ ಫ್ಯಾನ್ ಹಾಕ್ಕೊಂಡು ಐಪಿಎಲ್ ನೋಡೋ ಗಂಡಸಿನ ನಡತೆ ಬಗ್ಗೆ ಎಷ್ಟು ಜೋಕ್ ಬಂದ್ವು? 'ಮಹದೇವಪ್ಪ ನಿಂಗೂ ಫ್ರೀ' ಅಂತ ರೀಲ್ಸ್ ಏನೋ ಸಿಕ್ಕಾಪಟ್ಟೆ ಓಡ್ತು, ಆದ್ರೆ ಅದು ಸಿದ್ದರಾಮಯ್ಯನವರ ಮಾತಿನ ಧಾಟಿಗೆ ಮಾಡಿದ ತಮಾಷೆ, ಫ್ರೀ ಕರೆಂಟ್ ತಗೊಂಡು ಮಹದೇವಪ್ಪ ಕೆಟ್ಟೋದ ಅಂತ ಯಾರೂ ಅನ್ಲಿಲ್ಲ. ಇನ್ನೂ ಹಿಂದೆ ಹೋದ್ರೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಎಷ್ಟೋ ವರ್ಷದಿಂದ ಕರೆಂಟ್ ಫ್ರೀ ಇದೆ, ಆ ಸಬ್ಸಿಡಿ ಶಕ್ತಿಯ ಎರಡು ಪಟ್ಟಿಗೂ ಜಾಸ್ತಿ. ಅದು ರೈತರಿಗೆ ಬೇಕೇ ಬೇಕು, ತೆಗೀಬೇಕು ಅಂತ ನಾನು ಹೇಳ್ತಿಲ್ಲ. ಆದ್ರೆ ಪಂಪ್‌ಸೆಟ್ ಇರೋದು ಜಮೀನಿದ್ದವರಿಗೆ, ದೇಶದಲ್ಲಿ ಹೆಂಗಸರ ಕೈಲಿರೋ ಹಿಡುವಳಿ 2015-16ರ ಕೃಷಿ ಗಣತಿ ಪ್ರಕಾರ ಶೇಕಡಾ 14ರಷ್ಟು, ಹಾಗಾಗಿ ಅದರ ಲಾಭದ ಬಹುಪಾಲು ಗಂಡಸರ ಹೆಸರಲ್ಲಿರೋ ಜಮೀನಿಗೇ ಹೋಗತ್ತೆ. ಅದಕ್ಕೆ ನಾವು ಕೃಷಿ ನೀತಿ ಅಂತೀವಿ. ಹೆಂಗಸರು ಬಸ್ ಹತ್ತಿದ್ರೆ ಮಾತ್ರ ಬಿಟ್ಟಿ ಭಾಗ್ಯ.

ಸರಿ, ಜೋಕ್ ಪಕ್ಕಕ್ಕಿಟ್ಟು ಅವರು ಹೋಗ್ತಿರೋದಾದ್ರೂ ಎಲ್ಲಿಗೆ ಅಂತ ನೋಡೋಣ. 2025ರ ಜುಲೈ 14ಕ್ಕೆ ಶಕ್ತಿಯ ಫ್ರೀ ಪ್ರಯಾಣಗಳು 500 ಕೋಟಿ ದಾಟಿದ್ವು. ಅಷ್ಟೂ ಟಿಕೆಟ್‌ಗಳ ಬೆಲೆ ಸುಮಾರು 12,600 ಕೋಟಿ ರೂಪಾಯಿ. ಭಾಗಾಕಾರ ಮಾಡಿ, ಒಂದು ಪ್ರಯಾಣಕ್ಕೆ ಸರಾಸರಿ 25 ರೂಪಾಯಿ ಚಿಲ್ಲರೆ ಬರತ್ತೆ. 25 ರೂಪಾಯಿಗೆ ಬೆಂಗಳೂರಿಂದ ಧರ್ಮಸ್ಥಳಕ್ಕಲ್ಲ, ನೆಲಮಂಗಲ ದಾಟೋದೇ ಕಷ್ಟ! ಅಂದ್ರೆ ಈ 500 ಕೋಟಿಯಲ್ಲಿ ಬಹುಪಾಲು ಸಣ್ಣ ಸಣ್ಣ ಪ್ರಯಾಣ, ಹಳ್ಳಿಯಿಂದ ಹೋಬಳಿಗೆ, ಹೋಬಳಿಯಿಂದ ತಾಲೂಕು ಆಸ್ಪತ್ರೆಗೆ, ಲೇಔಟಿಂದ ಗಾರ್ಮೆಂಟ್ಸಿಗೆ, ಮನೆಗೆಲಸದ ಮನೆಗೆ, ಕಾಲೇಜಿಗೆ, ಸಂತೆಗೆ. ಮೊದಲ ಕೆಲವು ವಾರ ಧರ್ಮಸ್ಥಳ ಕುಕ್ಕೆ ಮಾದಪ್ಪನ ಬೆಟ್ಟ ಸವದತ್ತಿ ಎಲ್ಲಾ ಕಡೆ ನೂಕುನುಗ್ಗಲು ಆಗಿದ್ದು ನಿಜ, ಟಿವಿಯವರು ಅದನ್ನ ದಿನಾ ತೋರಿಸಿದ್ರು, ಸೀಟಿಗೆ ಜುಟ್ಟು ಹಿಡ್ಕೊಂಡು ಕಿತ್ತಾಡೋ ವಿಡಿಯೋ ಒಂದು ಸಿಕ್ಕಿದ್ರೆ ಸಾಕು ಇಡೀ ದಿನ ಅದೇ. ಬೆಳಗ್ಗೆ ಆರೂವರೆ ಬಸ್ಸಿಗೆ ಬ್ಯಾಗಲ್ಲಿ ಡಬ್ಬಿ ಹಾಕ್ಕೊಂಡು ಹತ್ತೋ ನೂರು ಜನ ಹೆಂಗಸರನ್ನ ಕ್ಯಾಮೆರಾ ತೋರಿಸಲ್ಲ, ಅದರಲ್ಲಿ ಗಲಾಟೆನೂ ಇಲ್ಲ ಟಿಆರ್‌ಪಿನೂ ಇಲ್ಲ.

ಮತ್ತೆ ಧರ್ಮಸ್ಥಳಕ್ಕೆ ಹೋದ್ರೆ ತಾನೇ ಏನು? ಈ ಯೋಜನೆ ಪರ ಮಾತಾಡೋರೂ ಇಲ್ಲಿ ಒಂಥರಾ ಸಂಕೋಚ ಪಡ್ತಾರೆ, ಇಲ್ಲ ಇಲ್ಲ ಅವರು ಕೆಲಸಕ್ಕೇ ಹೋಗ್ತಿದಾರೆ ದುಡೀತಿದಾರೆ ಜಿಡಿಪಿ ಏರತ್ತೆ ಅಂತ ಸಮರ್ಥನೆ ಕೊಡ್ತಾರೆ. ನಂಗೆ ಈ ಸಮರ್ಥನೆ ಮೇಲೇ ಸ್ವಲ್ಪ ಅಸಮಾಧಾನ. ಗಂಡಸು ಗೆಳೆಯರ ಜೊತೆ ಮುಳ್ಳಯ್ಯನಗಿರಿಗೆ ಬೈಕಲ್ಲಿ ಹೋದ್ರೆ ಯಾಕೆ ಹೋದೆ ಅಂತ ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲ, ಸುಮ್ನೆ ಹೋದೆ ಅಂದ್ರೆ ಮುಗೀತು. ಐವತ್ತೈದು ವರ್ಷದ ಹೆಂಗಸು ಮೂವತ್ತು ವರ್ಷ ಅಡುಗೆಮನೇಲಿ ಕಳೆದು ಒಂದು ದಿನ ಓರಗಿತ್ತಿ ಜೊತೆ ಶೃಂಗೇರಿ ನೋಡ್ಕೊಂಡು ಬಂದ್ರೆ ಅದಕ್ಕೆ ಜಿಡಿಪಿ ಕಾರಣ ಬೇಕಾ? ಸುಮ್ನೆ ಹೋಗೋದು, ತಿರುಗಾಡೋದು, ಕಾರಣ ಇಲ್ದೆ ಹೊರಗಿರೋದು, ಇದು ನಮ್ಮಲ್ಲಿ ಗಂಡಸರಿಗೆ ಹುಟ್ಟಿನಿಂದ ಬರತ್ತೆ. ಹೆಂಗಸರು ಹೊರಗೆ ಹೋಗೋಕೆ ಯಾವಾಗ್ಲೂ ಒಂದು ನೆಪ ಬೇಕು, ದೇವಸ್ಥಾನ, ಆಸ್ಪತ್ರೆ, ತವರು, ಮದುವೆ. ದೇವಸ್ಥಾನಗಳಲ್ಲಿ ಅಷ್ಟು ರಷ್ ಆಗಿದ್ದಕ್ಕೆ ಅದೂ ಒಂದು ಕಾರಣ ಇರಬಹುದು, ಮನೆಯವರು ಬೇಡ ಅನ್ನೋಕಾಗದ ಜಾಗ ಅಂದ್ರೆ ದೇವಸ್ಥಾನ ತಾನೇ, ದೇವರ ಹರಕೆ ಅಂದ್ಮೇಲೆ ಅತ್ತೆನೂ ಸುಮ್ನಾಗ್ತಾರೆ.

ನಮ್ಮ ಗಾದೆಗಳನ್ನೇ ನೋಡಿ. ತಿರುಗಿ ಹೆಣ್ಣು ಕೆಟ್ಟಳು, ಕೂತು ಗಂಡು ಕೆಟ್ಟ ಅಂತ ಊರೂರಲ್ಲೂ ಒಂದೊಂದು ಥರ ಹೇಳ್ತಾರೆ. ಗಂಡಸು ಮನೇಲಿ ಕೂತ್ರೆ ಕೆಡ್ತಾನೆ, ಹೆಂಗಸು ಹೊರಗೆ ಕಾಲಿಟ್ರೆ ಕೆಡ್ತಾಳೆ, ಅಂದ್ರೆ ಯಾರು ಎಲ್ಲಿರಬೇಕು ಅಂತ ಜಾಗ ಹಂಚಿಬಿಟ್ಟಿದಾರೆ. ತವರಿಗೆ ಕಳಿಸಿ ಅಂತ ಅತ್ತೆ ಮಾವನ ಹತ್ರ ಗೋಗರೆಯೋ ಹೆಣ್ಣುಮಕ್ಕಳು ನಮ್ಮ ಜನಪದ ಹಾಡುಗಳ ತುಂಬಾ ಇದಾರೆ, ಅದನ್ನ ಕೇಳಿ ನಾವು ಕಣ್ಣಲ್ಲಿ ನೀರು ಹಾಕ್ಕೋತೀವಿ ಕೂಡ, ಆದ್ರೆ ಅಪ್ಪನ ಮನೆಗೆ ಹೋಗೋಕೆ ಇನ್ನೊಬ್ಬರ ಒಪ್ಪಿಗೆ ಯಾಕೆ ಬೇಕು ಅಂತ ಹಾಡು ಮುಗಿದ್ಮೇಲೂ ಕೇಳಲ್ಲ.

ಇದೆಲ್ಲಾ ಹಳೇ ಕಾಲದ್ದು ಅನ್ನೋರಿಗೆ ಒಂದು ಅಂಕಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರನ್ನ ಕೇಳಿದ್ರು, ಮಾರ್ಕೆಟ್ಟಿಗೆ, ಆಸ್ಪತ್ರೆಗೆ, ಊರಾಚೆಗೆ ನೀವೊಬ್ರೇ ಹೋಗೋಕೆ ಮನೇಲಿ ಬಿಡ್ತಾರಾ ಅಂತ. ಮೂರೂ ಕಡೆಗೆ ಹೌದು ಅಂದಿದ್ದು ದೇಶದಲ್ಲಿ ಶೇಕಡಾ 42 ಜನ ಮಾತ್ರ. ಉಳಿದ ಅರ್ಧಕ್ಕಿಂತ ಜಾಸ್ತಿ ಹೆಂಗಸರಿಗೆ ಇವತ್ತಿಗೂ ಔಷಧಿ ತರೋಕೋ ತರಕಾರಿ ತರೋಕೋ ಊರು ದಾಟೋಕೋ ಜೊತೆಗೊಬ್ರು ಬೇಕು ಇಲ್ಲಾ ಹೋಗೋ ಹಾಗೇ ಇಲ್ಲ.

ಬಸ್ ಚಾರ್ಜ್ ಈ ಕಥೇಲಿ ಎಲ್ಲಿ ಬರತ್ತೆ ಅಂದ್ರೆ, ಮನೇಲಿ ಯಾರೂ ಬಾಯಿಬಿಟ್ಟು ನೀನು ಹೋಗಬೇಡ ಅಂತ ದಿನಾ ಹೇಳೋದಿಲ್ಲ. ಅದು ನಡೆಯೋದೇ ಚಿಲ್ಲರೆ ದುಡ್ಡಲ್ಲಿ. ರೀ ಐವತ್ತು ರೂಪಾಯಿ ಕೊಡಿ ಅಂದ್ರೆ ಯಾಕೆ, ಎಲ್ಲಿಗೆ, ಯಾರ ಜೊತೆ, ಎಷ್ಟೊತ್ತಿಗೆ ವಾಪಸ್ಸು, ಈಗೇನು ಅಂಥ ಅರ್ಜೆಂಟು, ಮುಂದಿನ ವಾರ ನಾನೇ ಕರ್ಕೊಂಡು ಹೋಗ್ತೀನಿ ಬಿಡು, ಅಲ್ಲಿಗೆ ಮುಗೀತು. ಗಂಡ ಕೆಟ್ಟವನೇ ಆಗಿರಬೇಕಿಲ್ಲ, ಪ್ರೀತಿಯಿಂದಾನೇ ಕೇಳಿರಬಹುದು, ಆದ್ರೂ ಐವತ್ತು ರೂಪಾಯಿ ಜೊತೆಗೆ ಅವಳ ಇಡೀ ದಿನದ ಪ್ಲಾನು ಅವನ ಮುಂದೆ ಪಾಸಾಗಬೇಕು. ಪುರುಷ ಪ್ರಧಾನ ವ್ಯವಸ್ಥೆ ಅಂದ ತಕ್ಷಣ ನಮಗೆ ನೆನಪಾಗೋದು ವರದಕ್ಷಿಣೆ ಸಾವು, ಮರ್ಯಾದೆ ಹತ್ಯೆ ಇಂಥವು. ಅವು ಪೇಪರಲ್ಲಿ ಬರೋವು. ದಿನಾ ನಡೆಯೋದು ಈ ಐವತ್ತು ರೂಪಾಯಿದು. ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ತಗೊಂಡ ದಿನ ಈ ಪ್ರಶ್ನೋತ್ತರ ಕಾರ್ಯಕ್ರಮದ ಒಂದು ಭಾಗ ಕಟ್ ಆಯ್ತು, ಪೂರ್ತಿ ಅಲ್ಲ, ಒಂದು ಭಾಗ. ಸಿಟ್ಟು ಎಲ್ಲಿಂದ ಬಂತು ಅಂತ ನಂಗೆ ಗೊತ್ತಾಗೋದು ಇಲ್ಲಿ.

ಈ ಸಿಟ್ಟು ಒಂದ್ಸಲ ಸ್ಟೇಜ್ ಮೇಲೇ ಬಾಯಿಬಿಟ್ಟು ಬಂತು. 2024ರ ಏಪ್ರಿಲ್‌ನಲ್ಲಿ ಲೋಕಸಭೆ ಪ್ರಚಾರಕ್ಕೆ ತುರುವೇಕೆರೆಗೆ ಹೋಗಿದ್ದ ಎಚ್.ಡಿ. ಕುಮಾರಸ್ವಾಮಿಯವರು ಶಕ್ತಿ, ಗೃಹಜ್ಯೋತಿ ಥರದ ಸರ್ಕಾರದ ಗ್ಯಾರಂಟಿ ಯೋಜನೆಗಳಿಂದ ಹಳ್ಳಿ ಹೆಣ್ಣುಮಕ್ಕಳು ದಾರಿ ತಪ್ಪಿದ್ದಾರೆ ಅನ್ನೋ ಅರ್ಥದ ಮಾತಾಡಿದ್ರು. ದೊಡ್ಡ ಗಲಾಟೆ ಆಯ್ತು, ಮಹಿಳಾ ಆಯೋಗ ನೋಟಿಸ್ ಕೊಡ್ತು, ಅವರು ವಿಷಾದನೂ ವ್ಯಕ್ತಪಡಿಸಿದ್ರು. ಅದನ್ನ ಇಲ್ಲಿ ಎತ್ತಿದ್ದು ಒಂದು ಪಕ್ಷಕ್ಕೆ ಬಯ್ಯೋಕಲ್ಲ, ಅವತ್ತು ಅದನ್ನ ಖಂಡಿಸಿದ ಪಕ್ಷಗಳ ಲೋಕಲ್ ಕಾರ್ಯಕರ್ತರೂ ಅರಳಿಕಟ್ಟೆಲಿ ಕೂತಾಗ ಅದನ್ನೇ ಮಾತಾಡ್ತಾರೆ. ತಮಿಳುನಾಡಲ್ಲಿ 2021ರಲ್ಲೇ ಈ ಸ್ಕೀಮ್ ತಂದ ಡಿಎಂಕೆಯವರದ್ದೇ ಸಚಿವ ಪೊನ್ಮುಡಿ 2022ರಲ್ಲಿ ಹೆಂಗಸರ ಮುಂದೇನೇ ಈಗ ನೀವೆಲ್ಲಾ ಬಸ್ಸಲ್ಲಿ ಬಿಟ್ಟಿಯಾಗಿ ಓಡಾಡ್ತೀರಲ್ವಾ ಅನ್ನೋ ಥರ ಹೀಯಾಳಿಸಿ ಬೈಸ್ಕೊಂಡಿದ್ರು. ಕೊಟ್ಟವರಿಗೂ ಅದೇ ಭಾವನೆ, ಕೊಡಬಾರ್ದು ಅನ್ನೋರಿಗೂ ಅದೇ, ಅದನ್ನ ಹಕ್ಕು ಅಂತ ನೋಡೋಕೆ ಇಬ್ರಿಗೂ ಆಗ್ತಿಲ್ಲ.

ಇನ್ನೊಂದು ತಮಾಷೆ ವಿಷಯ. ಶಕ್ತಿ ಆದೇಶದಲ್ಲೇ ಬೆಂಗಳೂರಿನ ಬಿಎಂಟಿಸಿ ಬಿಟ್ಟು ಉಳಿದ ಮೂರು ಸರ್ಕಾರಿ ಸಾರಿಗೆ ನಿಗಮಗಳ ಬಸ್ಸಲ್ಲಿ ಶೇಕಡಾ 50 ಸೀಟು ಗಂಡಸರಿಗೆ ಅಂತ ಮೀಸಲಿಟ್ರು. ಅಷ್ಟು ವರ್ಷ ಬಸ್ಸಲ್ಲಿ ಮುಂದಿನ ನಾಲ್ಕಾರು ಸೀಟಿನ ಮೇಲೆ ಮಹಿಳೆಯರಿಗೆ ಅಂತ ಬರೆದಿರೋದು, ಅದರಲ್ಲೂ ಗಂಡಸರು ಕೂತು ನಿದ್ದೆ ಬಂದವರ ಥರ ಕಣ್ಮುಚ್ಕೊಳ್ಳೋದು, ನೀವೂ ನೋಡಿರ್ತೀರ. ಹೆಂಗಸರು ದೊಡ್ಡ ಸಂಖ್ಯೇಲಿ ಬರ್ತಾರೆ ಅಂತ ಗೊತ್ತಾದ ಮೊದಲನೇ ದಿನವೇ ಗಂಡಸರಿಗೆ ಅರ್ಧ ಬಸ್ಸು ಗ್ಯಾರಂಟಿ ಆಯ್ತು. ಸಾರ್ವಜನಿಕ ಜಾಗ ಯಾರದ್ದು ಅನ್ನೋ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಹುಡುಕಿದ್ರೂ ಸಿಗಲ್ಲ.

ಟಿಕೆಟ್ ದುಡ್ಡು ಅಷ್ಟೊಂದು ಮುಖ್ಯನಾ ಅಂತ ಕೇಳೋರು ಸಾಮಾನ್ಯವಾಗಿ ಸ್ಕೂಟಿ ಇಟ್ಕೊಂಡಿರೋರು. ಬೆಂಗಳೂರಲ್ಲಿ ಬಿಎಂಟಿಸಿಯ ಸಾಧಾರಣ ಬಸ್ಸಿನ ತಿಂಗಳ ಪಾಸೇ ಸಾವಿರ ರೂಪಾಯಿ ಮೇಲೆ. ಎರಡು ಮೂರು ಮನೇಲಿ ಪಾತ್ರೆ ತೊಳೆಯೋ ಅಕ್ಕನಿಗೆ ಒಂದು ಮನೆ ಸಂಬಳದಲ್ಲಿ ದೊಡ್ಡ ಪಾಲು ಅದಕ್ಕೇ ಹೋಗೋದು, ಅದಕ್ಕೇ ಎಷ್ಟೋ ಜನ ನಡ್ಕೊಂಡು ಹೋಗುವಷ್ಟು ದೂರದಲ್ಲಿ ಮಾತ್ರ ಕೆಲಸ ಹುಡುಕೋರು, ಸಂಬಳ ಕಮ್ಮಿ ಆದ್ರೂ ಪರವಾಗಿಲ್ಲ ಅಂತ. ವಿಶ್ವಬ್ಯಾಂಕಿನವರು 2022ರಲ್ಲಿ ಭಾರತದ ನಗರಗಳ ಬಗ್ಗೆ ಮಾಡಿದ ವರದೀಲಿ ಕೆಲಸಕ್ಕೆ ನಡ್ಕೊಂಡೇ ಹೋಗೋ ಹೆಂಗಸರು ಶೇಕಡಾ 45.4, ಗಂಡಸರು ಶೇಕಡಾ 27.4 ಅಂತಿದೆ. ಇದು ವಾಕಿಂಗ್ ಪ್ರೀತಿ ಅಲ್ಲ. ಮತ್ತೆ ಹೆಂಗಸರ ಓಡಾಟದ ರೀತಿಯೇ ಬೇರೆ, ಗಂಡಸು ಮನೆಯಿಂದ ಆಫೀಸು ಆಫೀಸಿಂದ ಮನೆ, ಅವಳು ಮಗೂನ ಅಂಗನವಾಡಿಗೆ ಬಿಟ್ಟು ಅಲ್ಲಿಂದ ಕೆಲಸಕ್ಕೆ ಹೋಗಿ ಬರ್ತಾ ರೇಷನ್ ತಗೊಂಡು ಮಧ್ಯೆ ಅತ್ತೆಯ ಬಿಪಿ ಮಾತ್ರೆ ತಗೊಂಡು ಬರಬೇಕು, ಪ್ರತಿ ಸಲ ಇಳಿದು ಹತ್ತಿದಾಗ್ಲೂ ಹೊಸ ಟಿಕೆಟ್. ಹಾಗೆ ತುಂಡು ತುಂಡಾಗಿ ಓಡಾಡೋರಿಗೆ ನಮ್ಮ ಟಿಕೆಟ್ ವ್ಯವಸ್ಥೆ ಮೊದಲಿಂದಾನೂ ದಂಡ ಹಾಕ್ತಿತ್ತು, ಯಾರೂ ಬೇಕಂತ ಮಾಡಿದ್ದಲ್ಲ, ಮಾಡಿದವರು ಹಾಗೆ ಓಡಾಡಿರಲಿಲ್ಲ ಅಷ್ಟೇ.

ಈಗ ಇನ್ನೊಂದು ಮುಖ, ಯಾಕಂದ್ರೆ ಫ್ರೀ ಬಸ್ ಬಂತು ಹೆಂಗಸರು ಸ್ವತಂತ್ರರಾದ್ರು ಅಂತ ಸರ್ಕಾರಿ ಜಾಹೀರಾತಿನ ಥರ ಬರೆಯೋಕೆ ನಂಗೆ ಇಷ್ಟ ಇಲ್ಲ. ಅವಳು ಬಸ್ ಹತ್ತಿದ ದಿನ ಅಡುಗೆ ಮಾಡಿದ್ದು ಯಾರು? ಜೋಕಲ್ಲಿ ಗಂಡ ಮ್ಯಾಗಿ ಮಾಡ್ತಾನೆ, ನಿಜದಲ್ಲಿ ಅವಳು ನಾಲ್ಕು ಗಂಟೆಗೆ ಎದ್ದು ಸಾರು ಪಲ್ಯ ಮಾಡಿಟ್ಟು ಹೋಗಿರ್ತಾಳೆ, ಇಲ್ಲಾಂದ್ರೆ ಮಗಳ ತಲೆ ಮೇಲೆ ಬಿದ್ದಿರತ್ತೆ. 2024ರ ಟೈಮ್ ಯೂಸ್ ಸರ್ವೇ ಪ್ರಕಾರ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೇ ಕೊಡ್ತಾರೆ, ಗಂಡಸರಲ್ಲಿ ಮನೆಗೆಲಸ ಮಾಡೋರು ಕೊಡೋದು 88 ನಿಮಿಷ. ಅದೂ ಮಾಡೋ ಗಂಡಸರ ಸರಾಸರಿ, ಏನೂ ಮಾಡದೇ ಇರೋರನ್ನ ಅದರಲ್ಲಿ ಸೇರಿಸಿಲ್ಲ. 2019ರಲ್ಲಿ ಹೆಂಗಸರದ್ದು 299 ಇತ್ತು, ಐದು ವರ್ಷದಲ್ಲಿ ಹತ್ತು ನಿಮಿಷ ಇಳೀತು. ಗಂಡಸರದ್ದು 97 ಇತ್ತು, ಅದೂ ಇಳಿದಿದೆ! ಬಸ್ ಅವಳನ್ನ ಮನೆಯಿಂದ ಹೊರಗೆ ಕರ್ಕೊಂಡು ಹೋಗತ್ತೆ ಸರಿ, ಆದ್ರೆ ಮನೆಗೆಲಸ ಅವಳ ಜೊತೇನೇ ಬಸ್ ಹತ್ತತ್ತೆ, ಅವಳು ಸೀಟಲ್ಲಿ ಕೂತು ಫೋನಲ್ಲಿ ಕುಕ್ಕರ್ ಮೂರು ವಿಷಲ್ ಕೂಗಿಸಿ ಆಫ್ ಮಾಡು ಅಂತ ಹೇಳ್ತಿರ್ತಾಳೆ.

ಗೃಹಲಕ್ಷ್ಮಿ ನೋಡಿದ್ರೆ ಈ ದ್ವಂದ್ವ ಇನ್ನೂ ಚೆನ್ನಾಗಿ ಕಾಣತ್ತೆ. ತಿಂಗಳಿಗೆ 2,000 ರೂಪಾಯಿ, ಹೆಂಗಸಿನ ಖಾತೆಗೇ ನೇರ, ಒಳ್ಳೇದೇ, ಎಷ್ಟೋ ಜನಕ್ಕೆ ಮೊದಲ ಸಲ ಸ್ವಂತ ಅಂತ ಒಂದು ದುಡ್ಡು. ಆದ್ರೆ ಅದು ಸಿಗೋದು ಹೆಂಗಸು ಅಂತಲ್ಲ, ಕುಟುಂಬದ ಯಜಮಾನಿ ಅಂತ, ಒಂದು ರೇಷನ್ ಕಾರ್ಡಿಗೆ ಒಬ್ಬಳು. ಹಾಗಾಗಿ 2023ರಲ್ಲಿ ರಾಜ್ಯದಲ್ಲಿ ಮೊದಲು ಎದ್ದಿದ್ದೇ ದುಡ್ಡು ಅತ್ತೆಗಾ ಸೊಸೆಗಾ ಅನ್ನೋ ಚರ್ಚೆ, ಅದಕ್ಕೂ ಸಾಲು ಸಾಲು ಜೋಕು. ಮನೇಲಿ ಮೂರು ಜನ ದುಡಿಯೋ ಹೆಂಗಸರಿದ್ರೂ ಸರ್ಕಾರದ ಕಣ್ಣಿಗೆ ಒಬ್ಬಳೇ ಕಾಣ್ತಾಳೆ. ಗಂಡ ಇನ್‌ಕಂ ಟ್ಯಾಕ್ಸ್ ಕಟ್ಟಿದ್ರೆ ಅವಳಿಗೆ ಸಿಗಲ್ಲ. ಗಂಡನ ಸಂಬಳ ಅವಳ ಕೈಗೆ ಬರತ್ತೋ ಇಲ್ವೋ ಅಂತ ಅರ್ಜಿ ಫಾರಂಲಿ ಯಾರೂ ಕೇಳಲ್ಲ, ಅವನ ಹತ್ರ ಇದ್ರೆ ಅವಳ ಹತ್ರಾನೂ ಇದೆ ಅಂತ ಲೆಕ್ಕ. ಐವತ್ತು ರೂಪಾಯಿ ಕೇಳಿದಾಗ ನಡೆಯೋ ಪ್ರಶ್ನೋತ್ತರ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಶಕ್ತಿಯಲ್ಲಿ ಅದು ಬೇರೆ. ರಾಜ್ಯದ ವಿಳಾಸ ಇರೋ ಐಡಿ ಇದ್ರೆ ಸಾಕು, ಮದುವೆ ಆಗಿದೆಯಾ ಗಂಡ ಏನ್ಮಾಡ್ತಾನೆ ಮನೇಲಿ ಯಾರು ದೊಡ್ಡೋರು ಅಂತ ಕಂಡಕ್ಟರ್ ಕೇಳಲ್ಲ. ಹುಡುಗಿ, ವಿಧವೆ, ಗಂಡನ್ನ ಬಿಟ್ಟವಳು, ಲಿಂಗತ್ವ ಅಲ್ಪಸಂಖ್ಯಾತರು, ಎಲ್ರಿಗೂ ಅದೇ ಟಿಕೆಟ್. ಐದು ಗ್ಯಾರಂಟಿಗಳಲ್ಲಿ ನಂಗೆ ಶಕ್ತಿ ಹೆಚ್ಚು ಇಷ್ಟ ಆಗೋಕೆ ಕಾರಣ ಇದೇ, 2025-26ರ ಬಜೆಟ್ಟಲ್ಲಿ 28,608 ಕೋಟಿ ತಗೊಂಡ ಗೃಹಲಕ್ಷ್ಮಿಗಿಂತ ಅದರ ಐದರಲ್ಲೊಂದು ಭಾಗಕ್ಕೂ ಕಮ್ಮಿ ದುಡ್ಡಿನ ಶಕ್ತಿ ಹೆಣ್ಣನ್ನ ಯಾರದೋ ಹೆಂಡತಿ ಯಾರದೋ ಸೊಸೆ ಅಂತ ನೋಡದೆ ಒಬ್ಬ ಪ್ರಯಾಣಿಕಳು ಅಂತ ನೋಡ್ತು.

ವಿರೋಧ ಮಾಡೋರೆಲ್ಲಾ ಹೆಂಗಸರ ದ್ವೇಷಿಗಳು ಅಂತಲೂ ಅಲ್ಲ. ಆಟೋದವರ ದುಡಿಮೆಗೆ ಏಟು ಬಿದ್ದಿದ್ದು ನಿಜ, 2023ರ ಸೆಪ್ಟೆಂಬರ್ 11ಕ್ಕೆ ಬೆಂಗಳೂರಲ್ಲಿ ಖಾಸಗಿ ವಾಹನದವರು ಬಂದ್ ಮಾಡಿದ್ರು, ಅವರ ಮನೇಲೂ ಹೆಂಡ್ತಿ ಮಕ್ಕಳಿದಾರೆ. ಸಾರಿಗೆ ನೌಕರರು ಬಾಕಿ ಸಂಬಳಕ್ಕೆ 2025ರ ಆಗಸ್ಟ್ 5ಕ್ಕೆ ಮುಷ್ಕರಕ್ಕೆ ಇಳಿದ್ರು. ಬಸ್ಸಿನ ಸಂಖ್ಯೆ ಹೆಚ್ಚಿಸದೆ ಪ್ರಯಾಣಿಕರನ್ನ ಮಾತ್ರ ಹೆಚ್ಚಿಸಿದ್ರೆ ರಷ್ಷಿನ ಸಿಟ್ಟೆಲ್ಲಾ ಬೀಳೋದು ಕಂಡಕ್ಟರ್ ಮೇಲೆ, ಕಂಡಕ್ಟರ್ ಸಿಟ್ಟು ಬೀಳೋದು ಹೆಂಗಸರ ಮೇಲೆ. ಸ್ಟಾಪಲ್ಲಿ ಬರೀ ಹೆಂಗಸರೇ ನಿಂತಿದ್ರೆ ಬಸ್ ನಿಲ್ಲಿಸದೆ ಹೋಗ್ತಾರೆ ಅನ್ನೋ ದೂರು ಹಲವು ಕಡೆಯಿಂದ ಬಂದಿದೆ. ಇವರ ಟಿಕೆಟ್ ದುಡ್ಡನ್ನೂ ನಿಗಮಕ್ಕೆ ಸರ್ಕಾರ ಕಟ್ಟಿಕೊಡಬೇಕು, ಅಂದ್ರೆ ಇವರೂ ದುಡ್ಡು ಕೊಡೋ ಗಿರಾಕಿಗಳೇ, ಆದ್ರೆ ಮೆಟ್ಟಿಲ ಮೇಲೆ ನಿಂತಾಗ ಅವರನ್ನ ಮಾತಾಡಿಸೋ ಧಾಟಿ ಬಿಟ್ಟಿ ಬಂದವರಿಗೆ ಮಾತಾಡಿಸೋ ಧಾಟಿ.

2024ರ ಅಕ್ಟೋಬರ್ ಕೊನೇಲಿ ಡಿ.ಕೆ. ಶಿವಕುಮಾರ್ ಅವರು ಕೆಲವು ಹೆಂಗಸರು ನಾವು ದುಡ್ಡು ಕೊಟ್ಟೇ ಹೋಗ್ತೀವಿ ಅಂತಿದಾರೆ, ಪರಿಶೀಲಿಸೋಣ ಅಂದ್ರು, ಅಂಥ ಪ್ರಸ್ತಾಪ ಏನೂ ಇಲ್ಲ ಅಂತ ಸಿದ್ದರಾಮಯ್ಯನವರು ಅಂದ್ರು, ವಿಷಯ ಅಲ್ಲಿಗೆ ತಣ್ಣಗಾಯ್ತು. ದುಡ್ಡು ಕೊಡ್ತೀನಿ ಅನ್ನೋರಿಗೆ ರಾಜಹಂಸ ಐರಾವತ ಇದ್ದೇ ಇದೆಯಲ್ಲ, ಅದರಲ್ಲಿ ಶಕ್ತಿ ನಡೆಯಲ್ಲ. ಚರ್ಚೆ ಆಗಬೇಕಿರೋದು ಬೇರೆ ಕಡೆ. ದಕ್ಷಿಣ ಕನ್ನಡ ಉಡುಪಿ ಕಡೆ ಲೋಕಲ್ ರೂಟ್‌ಗಳಲ್ಲಿ ಓಡೋದು ಹೆಚ್ಚಾಗಿ ಖಾಸಗಿ ಬಸ್ಸುಗಳೇ, ಅಲ್ಲಿ ಗೇರುಬೀಜ ಫ್ಯಾಕ್ಟರಿಗೆ ಹೋಗೋ ಹೆಂಗಸಿಗೆ ಶಕ್ತಿ ಅನ್ನೋದು ಟಿವಿಲಿ ನೋಡೋ ಸುದ್ದಿ ಅಷ್ಟೇ, ದಿನಾ ಟಿಕೆಟ್ ತಗೊಂಡೇ ಹೋಗ್ತಾಳೆ. ಸಂಜೆ ಆರೂವರೆ ಮೇಲೆ ಹಳ್ಳಿ ರೂಟಿಗೆ ಬಸ್ಸೇ ಇಲ್ಲದ ಕಡೆ ಟಿಕೆಟ್ ಫ್ರೀ ಇದ್ದು ಏನು ಬಂತು, ತಾಲೂಕು ಬಸ್‌ಸ್ಟಾಂಡಿನ ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿದ್ರೆ ಎಷ್ಟು ಹೊತ್ತು ಅಂತ ಕಾಯ್ತಾಳೆ. ಈ ಮೂರಕ್ಕೂ ಪರ್ಮಿಟ್ಟು, ಹೊಸ ಬಸ್ಸು, ಡ್ರೈವರ್ ನೇಮಕಾತಿ, ಒಬ್ಬ ಸ್ವಚ್ಛತಾ ಸಿಬ್ಬಂದಿಯ ಸಂಬಳ ಬೇಕು, ಅದನ್ನ ಕೇಳೋಕೆ ಸಾರಿಗೆ ಇಲಾಖೆ ಇದೆ, ಶಾಸಕರಿದಾರೆ.